ಯಂತ್ರನಾದದಲ್ಲಿ ಮನುಷ್ಯನ ದನಿ

ಈ ಲೇಖನದ ವಿಷಯವನ್ನು ಕಂಡು ನಮ್ಮ ವಾಚಕರಲ್ಲಿ ಹಲವರು ಹುಬ್ಬೇರಿಸಬಹುದು. ಸಂಗೀತವೆಂದರೆ ತಂಬೂರಿಯ ಶ್ರುತಿ, ಮೃದಂಗದ ನಡೆ, ಪಲ್ಲವಿಯ ವಿಸ್ತಾರ ಎಂದು ಬಾಲ್ಯದಿಂದ ನಂಬಿಕೊಂಡು ಬಂದ ನಮ್ಮಂತಹ ಗೃಹಸ್ಥರು, ಮೀಟುವ ತಂತಿಯಿಲ್ಲದೆ, ಊದುವ ಉಸಿರಿಲ್ಲದೆ, ಬರಿಯ ವಿದ್ಯುತ್ತಿನಿಂದ ಹುಟ್ಟುವ ನಾದವನ್ನು ಕುರಿತು ಬರೆಯಹೊರಡುವುದು ಸೋಜಿಗವೇ ಸರಿ. ನಾವೂ ಇಷ್ಟು ಕಾಲ ಅದನ್ನು ಸಂಗೀತವೆಂದು ಎಣಿಸಿದವರಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ಸೋದರಳಿಯನು ಬಂದು ಎರಡು ತಿಂಗಳು ನಮ್ಮ ಮನೆಯಲ್ಲಿ ಉಳಿದಿದ್ದನು. ಮಾಳಿಗೆಯ ಕೋಣೆಯ ಬಾಗಿಲು ಹಾಕಿಕೊಂಡು ಅವನು ಕೇಳುತ್ತಿದ್ದ ಸದ್ದನ್ನು ನಾವು 'ಹಿಟ್ಟಿನ ಗಿರಣಿ' ಎಂದೇ ಕರೆಯುತ್ತಿದ್ದೆವು. ಒಂದು ದಿನ ಅವನು, "ಮಾವ, ಬೈಯುವುದಾದರೆ ಕೇಳಿ ಬೈಯಿರಿ. ಮೊದಲಿನಿಂದ ಕೊನೆಯವರೆಗೆ, ವರುಷದ ಕ್ರಮದಲ್ಲಿ ಒಂದೊಂದಾಗಿ ಕೇಳಿ" ಎಂದನು. ನ್ಯಾಯವಾದ ಮಾತು. ದಿನಕ್ಕೊಂದು ತಟ್ಟೆಯಂತೆ, ಸಂಜೆ ದೀಪ ಹಚ್ಚಿದ ಮೇಲೆ, ಹದಿನೈದು ದಿನ ಕೇಳಿದೆವು. ಡೆಪೆಶ್ ಮೋಡ್ ಎಂಬ ಆಂಗ್ಲ ಗಾಯಕವೃಂದವು 1981ರಿಂದ 2023ರವರೆಗೆ ಹೊರತಂದ ಹದಿನೈದು ಆಲ್ಬಂಗಳು ಅವು.

ಲಂಡನ್ ನಗರದ ಪೂರ್ವಕ್ಕೆ, ಎಸೆಕ್ಸ್ ಸೀಮೆಯಲ್ಲಿ, ಬ್ಯಾಸಿಲ್ಡನ್ ಎಂಬ ಊರುಂಟು. ಎರಡನೆಯ ಮಹಾಯುದ್ಧದ ತರುವಾಯ ಲಂಡನ್ನಿನ ಜನಕ್ಕೆ ವಸತಿಯನ್ನು ಒದಗಿಸಲೆಂದು ಸರ್ಕಾರವು ಯೋಜಿಸಿ ಕಟ್ಟಿಸಿದ ಹೊಸ ಪಟ್ಟಣಗಳಲ್ಲಿ ಅದೂ ಒಂದು; 1949ರಲ್ಲಿ ಅದರ ನೆಲವನ್ನು ಗೊತ್ತುಮಾಡಿದರು. ಎಲ್ಲವೂ ಹೊಸದಾದ ಊರಿನಲ್ಲಿ ಹಳೆಯದೆಂದು ನೆಚ್ಚಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಅಲ್ಲಿಯ ನಾಲ್ವರು ತರುಣರು, ವಿನ್ಸ್ ಕ್ಲಾರ್ಕ್, ಮಾರ್ಟಿನ್ ಗೋರ್, ಆಂಡ್ರೂ ಫ್ಲೆಚರ್, ಡೇವ್ ಗಾಹನ್, 1980ರಲ್ಲಿ ಒಂದುಗೂಡಿದರು. ಗೋರನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದನು. ಫ್ಲೆಚರನು ವಿಮಾ ಕಂಪೆನಿಯಲ್ಲಿ ಕೆಲಸಕ್ಕಿದ್ದನು. ಡೇವಿಡ್ ಬೋವಿಯ 'ಹೀರೋಸ್' ಎಂಬ ಹಾಡನ್ನು ಹಾಡುತ್ತಿದ್ದ ಗಾಹನನ ಕಂಠವನ್ನು ಕೇಳಿ ಅವನನ್ನು ಸೇರಿಸಿಕೊಂಡರು. ಹೆಸರನ್ನು ಒಂದು ಫ್ರೆಂಚ್ ಉಡುಪಿನ ಪತ್ರಿಕೆಯಿಂದ ಎತ್ತಿಕೊಂಡರು. ಅದಕ್ಕೆ ಹೆಚ್ಚಿನ ಅರ್ಥವನ್ನು ಹುಡುಕುವ ಅಗತ್ಯವಿಲ್ಲ.

ಇವರು ಸಿಂಥಸೈಜರ್ ಎಂಬ ಯಂತ್ರವಾದ್ಯವನ್ನು ಹಿಡಿದುದಕ್ಕೆ ದೊಡ್ಡ ತತ್ತ್ವವೇನೂ ಕಾರಣವಲ್ಲ. ಅದು ಹಗುರ, ಕಂಕುಳಲ್ಲಿ ಇರುಕಿಕೊಂಡು ರೈಲು ಹತ್ತಬಹುದು. ನಗಾರಿಗಳ ಸಾಲನ್ನು ಸಾಗಿಸಲು ಬಂಡಿ ಬೇಡ. ಆ ಯಂತ್ರದ ಒಳಗುಟ್ಟು ತಿಳಿಯದವರಿಗೆ ಎರಡು ಮಾತು ಹೇಳಬೇಕು. ತಂತಿಯನ್ನು ಮೀಟಿದಾಗ ಅದು ಕ್ಷಣಕ್ಕೆ ಇಷ್ಟು ಸಲವೆಂದು ಕಂಪಿಸಿ ನಾದವನ್ನು ಕೊಡುವುದಷ್ಟೆ. ಈ ಯಂತ್ರದಲ್ಲಿ ತಂತಿಯ ಬದಲು ವಿದ್ಯುತ್ಪ್ರವಾಹವೇ ಹಾಗೆ ಕಂಪಿಸುತ್ತದೆ. ಹಾಗೆ ಹುಟ್ಟಿದ ಒರಟು ನಾದವನ್ನು ಇನ್ನೊಂದು ಭಾಗವು ಜರಡಿಯಂತೆ ಸೋಸಿ, ತೀಕ್ಷ್ಣವಾದ ಅಂಶವನ್ನು ಬೇಕಾದಷ್ಟೇ ಉಳಿಸಿ ಮಿಕ್ಕುದನ್ನು ತೆಗೆಯುತ್ತದೆ. ಮೂರನೆಯ ಭಾಗವು ನಾದವು ಥಟ್ಟನೆ ಏಳಬೇಕೆ, ಮೆಲ್ಲನೆ ಅರಳಬೇಕೆ, ಎಷ್ಟು ಹೊತ್ತಿನಲ್ಲಿ ಆರಬೇಕೆಂಬುದನ್ನು ನಿರ್ಣಯಿಸುತ್ತದೆ. ಈ ಹುಡುಗರಲ್ಲಿದ್ದ ಅಗ್ಗದ ಯಂತ್ರಗಳಿಂದ ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತಿತ್ತು. ಆದುದರಿಂದ ಅವರ ಮೊದಲ ಹಾಡುಗಳೆಲ್ಲ ಒಂಟಿ ಎಳೆಗಳನ್ನು ಹೆಣೆದು ಕಟ್ಟಿದ ದಂಡೆಯಂತೆ ಇವೆ. ಆ ಎಳೆಗಳ ನಡುವೆ ಗಾಳಿಯಾಡುತ್ತದೆ. ಬಡತನವೇ ಅಲ್ಲಿ ಚೆಲುವಾಯಿತು.

ಪೂರ್ವ ಲಂಡನ್ನಿನ ಒಂದು ಪಾನಗೃಹದಲ್ಲಿ ಇವರ ಹಾಡನ್ನು ಕೇಳಿದ ಡೇನಿಯಲ್ ಮಿಲ್ಲರ್ ಎಂಬಾತನು ತನ್ನ ಮ್ಯೂಟ್ ಎಂಬ ಚಿಕ್ಕ ಸಂಸ್ಥೆಯಿಂದ ತಟ್ಟೆಯನ್ನು ಹೊರತರಲು ಒಪ್ಪಿದನು. ಕರಾರು ಪತ್ರವಿಲ್ಲ, ಸಾಕ್ಷಿಯ ರುಜುವಿಲ್ಲ. ಕೈಕುಲುಕಿ, ಲಾಭವನ್ನು ಸಮಪಾಲಾಗಿ ಹಂಚಿಕೊಳ್ಳೋಣವೆಂದರು, ಅಷ್ಟೆ. ಆ ಮಾತಿನ ಮೇಲೆಯೇ ವರುಷಗಳ ಕಾಲ ವ್ಯವಹಾರ ನಡೆಯಿತು. ಸಂಗೀತದ ವಾಣಿಜ್ಯದಲ್ಲಿ ಇಂತಹದನ್ನು ನಾವು ಮತ್ತೊಂದು ಕೇಳಿಲ್ಲ. 1981ರ ಮೊದಲ ಆಲ್ಬಂ 'ಸ್ಪೀಕ್ ಅಂಡ್ ಸ್ಪೆಲ್' ಜಾತ್ರೆಯ ಬೊಂಬೆಯಂತೆ ಹೊಳೆಯುತ್ತದೆ. ಅದರ ಹೆಸರೇ ಮಕ್ಕಳಿಗೆ ಕಾಗುಣಿತ ಕಲಿಸುವ ಒಂದು ಮಾತಾಡುವ ಆಟಿಕೆಯಿಂದ ಬಂದುದು. ಹಾಡುಗಳಲ್ಲಿ ಬಹುಪಾಲನ್ನು ಬರೆದವನು ಕ್ಲಾರ್ಕನು. 'ಜಸ್ಟ್ ಕಾಂಟ್ ಗೆಟ್ ಇನಫ್' ಎಂಬುದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೇರಿತು. ನಮಗೆ ಅದು ಮೊದಲ ಸಂಜೆ ಹಿಡಿಸಲಿಲ್ಲ. ಈಗಲೂ ಅಷ್ಟಾಗಿ ಹಿಡಿಸದು. ಆದರೆ ಅದನ್ನು ಕೇಳದೆ ಮುಂದಿನದು ಅರ್ಥವಾಗುವುದಿಲ್ಲವೆಂದು ಅಳಿಯನು ಹೇಳಿದುದು ನಿಜ.

ಏಕೆಂದರೆ ಆ ವರುಷ ಮುಗಿಯುವುದರೊಳಗಾಗಿ ಕ್ಲಾರ್ಕನು ಬಿಟ್ಟು ಹೋದನು. ಹಾಡು ಕಟ್ಟುವವನೇ ಹೋದ ಮೇಲೆ ವೃಂದವು ಚದರಿಹೋಗುವುದು ಲೋಕರೂಢಿ. ಆಗ ಬ್ಯಾಂಕಿನ ಮಾಜಿ ಗುಮಾಸ್ತನಾದ ಗೋರನು ಮುಂದಕ್ಕೆ ಬಂದನು. ಇವನು ನಾಚಿಕೆಯ ಸ್ವಭಾವದವನು. 1982ರ 'ಎ ಬ್ರೋಕನ್ ಫ್ರೇಮ್'ನ ಎಲ್ಲ ಹಾಡುಗಳೂ ಇವನವು. ಅದರ ಹೊದಿಕೆಯ ಮೇಲೆ ಕಾರ್ಮೋಡದ ಕೆಳಗೆ ಒಬ್ಬ ಹೆಂಗಸು ಪೈರು ಕೊಯ್ಯುತ್ತಿರುವ ಚಿತ್ರವಿದೆ. ಬ್ರಿಯಾನ್ ಗ್ರಿಫಿನ್ ಎಂಬುವನು ತೆಗೆದ ಛಾಯಾಚಿತ್ರ, ನೋಡಿದರೆ ಹಳೆಯ ವರ್ಣಚಿತ್ರವೆಂದು ಭ್ರಮೆಯಾಗುತ್ತದೆ. ನಿಜ ಹೇಳುವುದಾದರೆ ಒಳಗಿನ ಹಾಡುಗಳಿಗಿಂತ ಆ ಚಿತ್ರವೇ ಮೇಲು. ಹಾಡುಗಳಲ್ಲಿ ಹಳೆಯ ಲವಲವಿಕೆಯನ್ನು ಉಳಿಸಿಕೊಳ್ಳುವ ಹಟವೂ ಹೊಸ ದುಗುಡವೂ ಒಂದನ್ನೊಂದು ತಳ್ಳಾಡುತ್ತವೆ.

ಮುಂದಿನ ವರುಷ ಎರಡು ಸಂಗತಿಗಳು ಕೂಡಿಬಂದವು. ಶಾಸ್ತ್ರೀಯ ಪಿಯಾನೋ ಶಿಕ್ಷಣವಿದ್ದ ಆಲನ್ ವೈಲ್ಡರನು ವೃಂದದಲ್ಲಿ ನೆಲೆಯಾಗಿ ನಿಂತನು. ಸ್ಯಾಂಪ್ಲರ್ ಎಂಬ ಹೊಸ ಯಂತ್ರವು ಕೈಗೆ ಬಂದಿತು. ಇದರ ಮಹಿಮೆಯೇನೆಂದರೆ, ಲೋಕದ ಯಾವ ಸದ್ದನ್ನಾದರೂ ಹಿಡಿದಿಟ್ಟುಕೊಂಡು ಅದನ್ನು ಮನೆಗಳ ಮೇಲೆ ಸ್ವರಗಳಾಗಿ ನುಡಿಸಬಹುದು. ಕಬ್ಬಿಣದ ಕೊಳವೆಯ ಟಣತ್ಕಾರ ಷಡ್ಜವಾಗಬಹುದು, ಬಾಗಿಲು ಬಡಿದ ಸದ್ದು ತಾಳವಾಗಬಹುದು. ಇವರು ಸುತ್ತಿಗೆ ಹಿಡಿದು, ಧ್ವನಿಗ್ರಾಹಕವನ್ನು ಹೊತ್ತು, ಲಂಡನ್ನಿನ ಷೋರ್‌ಡಿಚ್ ಕಡೆಯ ಪಾಳುಬಿದ್ದ ರೈಲ್ವೆ ನೆಲದಲ್ಲಿ ಅಲೆದು, ಕೈಗೆ ಸಿಕ್ಕುದನ್ನೆಲ್ಲ ಬಡಿದು ಸದ್ದುಗಳನ್ನು ಸಂಗ್ರಹಿಸಿದರು. 1983ರ 'ಕನ್‌ಸ್ಟ್ರಕ್ಷನ್ ಟೈಮ್ ಎಗೇನ್' ಹಾಗೆ ಹುಟ್ಟಿದುದು. ಅದರಲ್ಲಿಯ 'ಎವೆರಿಥಿಂಗ್ ಕೌಂಟ್ಸ್' ವ್ಯಾಪಾರಿಗಳ ದುರಾಶೆಯನ್ನು ಕುರಿತ ಹಾಡು. ಎಣಿಕೆಯ ಲೋಕವನ್ನು ಎಣಿಸಿದಂತೆ ಬೀಳುವ ಲೋಹದ ಪೆಟ್ಟುಗಳಿಂದಲೇ ಹಂಗಿಸುವುದು ಜಾಣತನವಲ್ಲವೆ? ನಾವು 'ಗಿರಣಿ' ಎಂದು ಕರೆದುದು ಪೂರ್ತಿ ತಪ್ಪೇನಾಗಿರಲಿಲ್ಲವೆಂದು ಆ ಸಂಜೆ ಅಳಿಯನಿಗೆ ಹೇಳಿದೆವು. ಅವನು ನಕ್ಕನು.

ಆ ಆಲ್ಬಂಗೆ ಕೊನೆಯ ರೂಪ ಕೊಟ್ಟುದು ಬರ್ಲಿನ್ನಿನ ಹಾನ್ಸಾ ಧ್ವನಿಮುದ್ರಣಾಲಯದಲ್ಲಿ. ನಗರವನ್ನು ಸೀಳಿದ್ದ ಗೋಡೆಗೆ ಸಮೀಪದಲ್ಲಿದ್ದ ಕಟ್ಟಡ ಅದು. ಬೋವಿಯು 'ಹೀರೋಸ್' ಹಾಡನ್ನು ಮುದ್ರಿಸಿದುದೂ ಅಲ್ಲಿಯೇ. 1984ರ 'ಸಮ್ ಗ್ರೇಟ್ ರಿವಾರ್ಡ್'ನ ಕೆಲಸಕ್ಕೂ ಅಲ್ಲಿಗೇ ಹೋದರು. ಈ ಆಲ್ಬಂನ ಕೊನೆಯ ಹಾಡು 'ಬ್ಲಾಸ್‌ಫೆಮಸ್ ರೂಮರ್ಸ್'. ಹದಿನಾರರ ಹುಡುಗಿಯೊಬ್ಬಳು ಬಾಳಿನಲ್ಲಿ ಬೇಸತ್ತು ಸಾವಿನ ಬಾಗಿಲನ್ನು ತಟ್ಟಿ ಹಿಂದಿರುಗುತ್ತಾಳೆ. ಹದಿನೆಂಟರಲ್ಲಿ ದೇವರನ್ನು ನಂಬಿ, ಬದುಕನ್ನು ಪ್ರೀತಿಸತೊಡಗಿದಾಗ ಮೋಟಾರು ತಗಲಿ ಬೀಳುತ್ತಾಳೆ. ತಾಯಿಯ ಅಳುವನ್ನು ಕಂಡು ಕವಿಯು, ದೇವರ ಲೀಲೆಯಲ್ಲಿ ಕ್ರೌರ್ಯವುಂಟೆ ಎಂದು ಕೇಳುತ್ತಾನೆ. ಹಾಡು ಉಸಿರಾಟದ ಸದ್ದಿನಲ್ಲಿ ಮುಗಿಯುತ್ತದೆ. ಆಸ್ತಿಕರಾದ ನಮಗೆ ಆ ಪ್ರಶ್ನೆಯು ಕಹಿಯಾಗಿಯೇ ತೋರಿತು. ಆದರೆ ಎಳೆಯ ಮಗುವನ್ನು ಕಳೆದುಕೊಂಡ ಮನೆಗಳಲ್ಲಿ ಇದೇ ಪ್ರಶ್ನೆಯನ್ನು ನಮ್ಮ ಹಿರಿಯರ ಬಾಯಲ್ಲಿಯೇ ನಾವು ಕೇಳಿಲ್ಲವೆ? ಮೂರು ವರುಷಗಳ ಹಿಂದೆ ಬೊಂಬೆಯಾಟದಂತೆ ಕುಣಿಯುತ್ತಿದ್ದವರು ಇಂತಹ ಮಾತನ್ನು ಆಡಿದರೆಂಬುದೇ ಅಚ್ಚರಿ.

1986ರ 'ಬ್ಲ್ಯಾಕ್ ಸೆಲೆಬ್ರೇಷನ್' ನಮ್ಮ ಮನಸ್ಸನ್ನು ಮೊದಲು ಗೆದ್ದ ತಟ್ಟೆ. ಹೆಸರಿನಿಂದ ಇದೇನೋ ಮಾಟದ ಸಂಗತಿಯೆಂದು ಹೆದರಬೇಕಾಗಿಲ್ಲ. ಅದರ ಮೊದಲ ಹಾಡಿನ ಭಾವ ಇಷ್ಟೆ: ಇನ್ನೊಂದು ಕರಾಳ ದಿನವನ್ನು ಹೇಗೋ ದಾಟಿದೆವಲ್ಲ, ಅದನ್ನೇ ಹಬ್ಬವೆಂದು ಆಚರಿಸೋಣ. ಕಛೇರಿಯಿಂದ ಸೋತು ಬಂದು ಅಂಗಿಯನ್ನು ಗೂಟಕ್ಕೆ ತೂಗಹಾಕಿ, ಕಾಲು ತೊಳೆದುಕೊಂಡು, ಲೋಟದ ಕಾಫಿಯನ್ನು ಕೈಗೆತ್ತಿಕೊಂಡು ಮೌನವಾಗಿ ಕುಳಿತ ಗೃಹಸ್ಥನಿಗೆ ಇದರ ಟೀಕೆ ಬೇಕಿಲ್ಲ. ಗೋರನು ಆಗ ಇಪ್ಪತ್ತೈದು ದಾಟದವನು. ಆ ಆಯಾಸ ಅವನಿಗೆ ಎಲ್ಲಿಂದ ಬಂದಿತೋ ಕಾಣೆವು. ಮಿಲ್ಲರನು ಒಂದು ದಿನದ ಬಿಡುವನ್ನೂ ಕೊಡದೆ ಎಲ್ಲರನ್ನೂ ಮುದ್ರಣಾಲಯದಲ್ಲಿಯೇ ದುಡಿಸಿದನಂತೆ. ಆ ಉಸಿರುಕಟ್ಟಿದ ವಾತಾವರಣವೂ ತಟ್ಟೆಯಲ್ಲಿ ಇಳಿದಿದೆ. 'ಸ್ಟ್ರಿಪ್ಡ್' ಎಂಬ ಹಾಡಿನ ತಳದಲ್ಲಿ ಉದ್ದಕ್ಕೂ ಕೇಳಿಬರುವ ಗುಡುಗುಡು ನಡೆಯು ನಿಂತಲ್ಲೇ ಓಡುತ್ತಿರುವ ಮೋಟಾರುಬೈಸಿಕಲ್ಲಿನ ಸದ್ದನ್ನು ತಗ್ಗಿಸಿ ಮಾಡಿದುದು. ನಡುವೆ ಗಾಹನನ ಮೋಟಾರುಕಾರು ಚಾಲೂ ಆಗುವ ಸದ್ದೂ ಉಂಟು. ಆದರೆ ಹಾಡು ಹೇಳುವುದು ನಗರವನ್ನು ಬಿಟ್ಟು ಮರಗಳ ಕಡೆಗೆ ಹೋಗೋಣ, ಆವರಣಗಳನ್ನೆಲ್ಲ ಕಳಚಿದ ನಿನ್ನ ಮಾತನ್ನು ಕೇಳೋಣ ಎಂದು. ಯಂತ್ರದ ಸದ್ದನ್ನೇ ಹಿಡಿದು ಯಂತ್ರಲೋಕದಿಂದ ಬಿಡುಗಡೆಯನ್ನು ಬೇಡುವ ಈ ಬಗೆಯೇ ಇವರ ಕೈಗುಣವೆಂದು ನಮಗೆ ಆಗ ಹೊಳೆಯಿತು.

1987ರ 'ಮ್ಯೂಸಿಕ್ ಫಾರ್ ದ ಮಾಸಸ್' ಎಂಬುದಕ್ಕೆ ಆ ಹೆಸರನ್ನು ಹಾಸ್ಯಕ್ಕೆ ಇಟ್ಟರು. ತಮ್ಮ ಸಂಗೀತ ಜನಸಾಮಾನ್ಯರಿಗೆ ಎಂದಾದರೂ ತಲುಪೀತೆ ಎಂಬ ವ್ಯಂಗ್ಯ. ಹಾಸ್ಯವು ನಿಜವಾಯಿತು. 1988ರ ಮಾರ್ಚಿ 7ರಂದು ಪೂರ್ವ ಬರ್ಲಿನ್ನಿನಲ್ಲಿ, ಗೋಡೆಯ ಆಚೆಯ ಬದಿಯಲ್ಲಿ, ಅಲ್ಲಿಯ ಸರ್ಕಾರದ ಯುವಕಸಂಘದ ವಾರ್ಷಿಕೋತ್ಸವದ ಹೆಸರಿನಲ್ಲಿ ಇವರ ಕಛೇರಿ ನಡೆಯಿತು. ಜೂನ್ 18ರಂದು ಅಮೆರಿಕದ ಪಸಡೀನಾ ನಗರದ ರೋಸ್ ಬೌಲ್ ಎಂಬ ಕ್ರೀಡಾಂಗಣದಲ್ಲಿ, ಆ ಪ್ರವಾಸದ 101ನೆಯ ಕಛೇರಿಗೆ, 60,000ಕ್ಕೂ ಮಿಗಿಲಾದ ಜನ ನೆರೆದರು. ಆ ದಿನದ ಚಲಚ್ಚಿತ್ರವನ್ನು ಅಳಿಯನು ತೋರಿಸಿದನು. 'ನೆವರ್ ಲೆಟ್ ಮಿ ಡೌನ್ ಎಗೇನ್' ಹಾಡಿನ ಕೊನೆಗೆ ಗಾಹನನು ತೋಳೆತ್ತಿ ಅತ್ತಿತ್ತ ಬೀಸುತ್ತಾನೆ. ಇಡೀ ಮೈದಾನವೇ ಗಾಳಿಗೆ ತೂಗುವ ಗೋಧಿಯ ಹೊಲದಂತೆ ತೂಗುತ್ತದೆ.

ಇನ್ನು 1990ರ 'ವಯಲೇಟರ್'. ತಿಳಿದವರೆಲ್ಲರೂ ಇದನ್ನೇ ಇವರ ಶಿಖರವೆನ್ನುತ್ತಾರೆ. ನಾವೂ ಅದನ್ನು ಅಲ್ಲಗಳೆಯಲಾರೆವು. ಇದರಲ್ಲಿಯ 'ಎಂಜಾಯ್ ದ ಸೈಲೆನ್ಸ್' ಹಾಡಿನ ಜನ್ಮಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗೋರನು ಮೊದಲು ಅದನ್ನು ಹಾರ್ಮೋನಿಯಮ್ಮಿನ ಮೇಲೆ ವಿಳಂಬದಲ್ಲಿ ಹಾಡಿ ಒಪ್ಪಿಸಿದನು. ಅದು ಮಾತು ಬೇಡ, ಮಾತು ನೋಯಿಸುತ್ತದೆ, ಪ್ರಿಯೆ ತೋಳಿನಲ್ಲಿರುವಾಗ ಮೌನವೇ ಸಾಕು ಎಂಬ ಭಾವದ ಹಾಡು. ಅದನ್ನು ಕೇಳಿದ ವೈಲ್ಡರನು ಇದರ ಕಾಲವನ್ನು ಏರಿಸಬೇಕು, ತಾಳ ಕೂಡಿಸಬೇಕು ಎಂದನು. ಗೋರನಿಗೆ ಇದು ಅಪಚಾರವೆನಿಸಿತು. ಮೌನದ ಹಾಡಿಗೆ ಕುಣಿತವೆ? ಆದರೂ ವೈಲ್ಡರನೂ ಆ ಆಲ್ಬಂನ ನಿರ್ಮಾಪಕನಾದ ಫ್ಲಡ್ ಎಂಬಾತನೂ ಕೂಡಿ ಹೊಸ ರೂಪವನ್ನು ಕಟ್ಟಿದರು, ಗೋರನು ಗಿಟಾರಿನ ಮೇಲೆ ಒಂದು ಪುಟ್ಟ ಸ್ವರಮಾಲೆಯನ್ನು ಕೂಡಿಸಿದನು, ಗಾಹನನು ಹಾಡಿದನು. ಬ್ರಿಟನ್ನಿನಲ್ಲಿ 6ನೆಯ ಸ್ಥಾನ, ಅಮೆರಿಕದಲ್ಲಿ 8ನೆಯ ಸ್ಥಾನ.

ಹಾರ್ಮೋನಿಯಂ ರೂಪವನ್ನೂ ಅವರು ಆಗಲೇ ಬೇರೆಯಾಗಿ ಅಚ್ಚು ಹಾಕಿಸಿದ್ದಾರೆ. ಅಳಿಯನು ಎರಡನ್ನೂ ಒಂದರ ಹಿಂದೆ ಒಂದರಂತೆ ಕೇಳಿಸಿದನು. ಆ ಪೆಟ್ಟಿಗೆಯ ನಾದವು ಮಾಳಿಗೆಯಿಂದ ಇಳಿದುಬರುತ್ತಲೇ ನಮ್ಮ ಮನೆಯವರು ಒಗ್ಗರಣೆಯ ಸೌಟನ್ನು ಕೆಳಗಿಟ್ಟು ಮೆಟ್ಟಿಲ ಬುಡಕ್ಕೆ ಬಂದು, "ಯಾರು ಹಾಡುತ್ತಿರುವುದು? ಏನಾಯಿತಂತೆ ಅವರಿಗೆ?" ಎಂದು ಕೇಳಿದರು. ಭಾಷೆ ತಿಳಿಯದ ಕಿವಿಗೂ ದುಃಖ ತಿಳಿಯಿತು. ಅನಂತರ ವೇಗದ ರೂಪವನ್ನು ಕೇಳಿ, "ಇದೂ ಅದೇ ಹಾಡು, ಆದರೆ ಇದರಲ್ಲಿ ಅಳುವುದು ಯಾರಿಗೂ ಕಾಣಿಸಬಾರದೆಂದು ಮುಖ ತೊಳೆದುಕೊಂಡು ಬಂದ ಹಾಗಿದೆ" ಎಂದರು. ಇವರ ಸಂಗೀತವನ್ನು ಕುರಿತು ಪಂಡಿತರು ಬರೆದುದನ್ನು ನಾವು ಆ ಮೇಲೆ ಒಂದಿಷ್ಟು ಓದಿದೆವು. ಅದಕ್ಕಿಂತ ಮೇಲಾದ ಮಾತು ನಮಗೆ ಸಿಕ್ಕಲಿಲ್ಲ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಬರೆಯುವವನೊಬ್ಬ, ಹಾಡುವವನೊಬ್ಬ. ಗೋರನ ಕಂಠ ತೆಳುವಾದುದು, ಪ್ರಾರ್ಥನಾಮಂದಿರದ ಬಾಲಕನದರಂತೆ ಮೇಲಕ್ಕೆ ಏರುವಂತಹುದು. ಕೆಲವು ಹಾಡುಗಳನ್ನು ಅವನೇ ಹಾಡುತ್ತಾನೆ. ಗಾಹನನದು ಮಂದ್ರದ ಗಂಭೀರ ಕಂಠ. ತನ್ನ ಗುಟ್ಟಿನ ತಪ್ಪನ್ನೂ ತಾಪವನ್ನೂ ಗೋರನು ಇನ್ನೊಬ್ಬನ ಬಾಯಿಂದ ಹೇಳಿಸುತ್ತಾನೆ. ಹಾಡುವವನು ಇನ್ನೊಬ್ಬನ ನೋವಿಗೆ ಮೈಯನ್ನು ಕೊಡಬೇಕಾಗುತ್ತದೆ. ಹೀಗೆ ಹತ್ತು ಹನ್ನೆರಡು ವರುಷ ನಡೆದರೆ ಆ ನೋವು ಯಾರದೆಂದು ಗುರುತಿಸುವುದು ಕಷ್ಟ.

1993ರ 'ಸಾಂಗ್ಸ್ ಆಫ್ ಫೇತ್ ಅಂಡ್ ಡಿವೋಷನ್' ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲ ಸ್ಥಾನವನ್ನು ಪಡೆಯಿತು. ಯಂತ್ರಗಳನ್ನು ಹಿಂದಿಟ್ಟು ನಿಜವಾದ ನಗಾರಿ, ಗಿಟಾರು, ಪಿಟೀಲುಗಳ ಮೇಳ, ಕ್ರೈಸ್ತ ಭಜನೆಯ ಧಾಟಿಯ ಸಹಗಾಯನಗಳನ್ನು ಮುಂದಕ್ಕೆ ತಂದರು. ಮ್ಯಾಡ್ರಿಡ್ ನಗರದ ಬಳಿ ಒಂದೇ ಮನೆಯಲ್ಲಿ ಕೂಡಿಬಾಳಿ ಕೆಲಸ ಮಾಡೋಣವೆಂದು ಹೊರಟವರು ಒಬ್ಬರ ಮುಖವನ್ನೊಬ್ಬರು ನೋಡಲಾರದಂತಾದರು. ಗಾಹನನು ಹೆರಾಯಿನ್ ಎಂಬ ಘೋರ ಮಾದಕಕ್ಕೆ ಸೆರೆಯಾಗಿದ್ದನು. ಮುಂದೆ ಹದಿನಾಲ್ಕು ತಿಂಗಳ ಪ್ರವಾಸವು ಎಲ್ಲರನ್ನೂ ಹಿಂಡಿತು. ಫ್ಲೆಚರನು ಮನೋವ್ಯಥೆಯಿಂದ ನಡುವೆಯೇ ಮನೆಗೆ ಹಿಂದಿರುಗಿದನು. 1995ರ ಜೂನ್ 1ರಂದು ವೈಲ್ಡರನು ವೃಂದವನ್ನು ತೊರೆದನು. 1996ರ ಮೇ 28ರಂದು ಲಾಸ್ ಏಂಜಲೀಸಿನ ಒಂದು ಹೋಟೆಲಿನಲ್ಲಿ ಮಾದಕದ ಅತಿಸೇವನೆಯಿಂದ ಗಾಹನನ ಹೃದಯವು ಎರಡು ನಿಮಿಷಗಳ ಕಾಲ ನಿಂತುಹೋಯಿತು. ವೈದ್ಯರು ಮರಳಿ ಎಬ್ಬಿಸಿದರು.

ಆ ತಟ್ಟೆಯನ್ನು ಕೇಳಿದ ಸಂಜೆ ಅಳಿಯನು ಹೆಚ್ಚು ಮಾತಾಡಲಿಲ್ಲ. ಅವನ ಸಹಪಾಠಿಯೊಬ್ಬನು ಇದೇ ದಾರಿ ಹಿಡಿದು ಹಿಂದಿರುಗದೆ ಹೋದುದನ್ನು ನಾವು ಬಲ್ಲೆವು. ಮಾಳಿಗೆಯ ಬಾಗಿಲು ಅಷ್ಟು ದಿನ ಏಕೆ ಮುಚ್ಚಿತ್ತೆಂಬುದು ನಮಗೆ ಆಗ ತಿಳಿಯಿತು.

1997ರ 'ಅಲ್ಟ್ರಾ' ಈ ಮರುಹುಟ್ಟಿನ ಫಲ. ಆ ಘಟನೆಗೆ ಮುಂಚೆ ನ್ಯೂಯಾರ್ಕಿನಲ್ಲಿ ವಾರಗಟ್ಟಲೆ ಯತ್ನಿಸಿದರೂ ಗಾಹನನ ಗಂಟಲಿನಿಂದ ಉಪಯೋಗಕ್ಕೆ ಬರುವಂತೆ ಹೊರಟುದು ಅತ್ಯಲ್ಪ. ಚಿಕಿತ್ಸೆಯ ಬಳಿಕ, ಗುರುವಿನ ಬಳಿ ಕಂಠಸಾಧನೆ ಮಾಡಿ, ಉಳಿದ ಹಾಡುಗಳನ್ನು ಮುಗಿಸಿದನು. ಸ್ವರಗಳು ನಿಧಾನವಾಗಿ, ಗಾಯ ತಗಲಿದ ಕಾಲನ್ನು ಊರುವವನಂತೆ ಇಳಿಯುತ್ತವೆ. ವಯಲೇಟರ್‌ನ ಹೊಳಪು ಇಲ್ಲಿಲ್ಲ. ನಮಗೆ ಎಲ್ಲಕ್ಕಿಂತ ಪ್ರಿಯವಾದುದು ಮಾತ್ರ ಇದೇ. 'ಹೋಮ್' ಎಂಬ ಹಾಡನ್ನು ಗೋರನು ತಾನೇ ಹಾಡಿದ್ದಾನೆ. ಪಿಟೀಲುಗಳು ಏಳುವಾಗ ಮನೆಯನ್ನು ಸೇರಿದೆನೋ ಸೋತೆನೋ ಎಂಬ ಎರಡೂ ಭಾವ ಒಟ್ಟಿಗೆ ಬರುತ್ತವೆ.

ಮುಂದಿನವುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. 2001ರ 'ಎಕ್ಸೈಟರ್' ಮೆಲುದನಿಯದು, ಹಲವೆಡೆ ಜೋಗುಳದಂತಹುದು. 2005ರ 'ಪ್ಲೇಯಿಂಗ್ ದ ಏಂಜೆಲ್'ನಲ್ಲಿ ಗಾಹನನು ಬರೆದ ಹಾಡುಗಳು ಮೊದಲ ಬಾರಿಗೆ ಸೇರಿದವು, ಮೂರು. ಅದರ 'ಪ್ರೆಷಸ್' ಎಂಬ ಹಾಡನ್ನು ಗೋರನು ತನ್ನ ದಾಂಪತ್ಯ ಮುರಿದಾಗ ಮಕ್ಕಳನ್ನು ನೆನೆದು ಬರೆದನು. ದೊಡ್ಡವರ ಜಗಳದಲ್ಲಿ ಮಕ್ಕಳ ಮನಸ್ಸು ಒಡೆಯುವುದನ್ನು ಇಷ್ಟು ತಗ್ಗಿದ ದನಿಯಲ್ಲಿ ಹೇಳಿದ ತಂದೆ ಅಪರೂಪ. 2009, 2013, 2017ರ ಮೂರು ತಟ್ಟೆಗಳಲ್ಲಿ ಕುಶಲತೆಗೆ ಕೊರತೆಯಿಲ್ಲ. ಆದರೆ ಆ ಮೂರು ಸಂಜೆ ನಾವು ನಡುನಡುವೆ ವೃತ್ತಪತ್ರಿಕೆಯನ್ನು ಓದಿದೆವೆಂದು ಒಪ್ಪಿಕೊಳ್ಳಬೇಕು.

ಫ್ಲೆಚರನು ವೃಂದದಲ್ಲಿ ಏನು ಮಾಡುತ್ತಿದ್ದನೆಂಬುದು ಬಹಳ ದಿನಗಳ ಹಾಸ್ಯದ ವಿಷಯ. 1988ರ ಆ ಚಲಚ್ಚಿತ್ರದಲ್ಲಿ ಅವನೇ ಹೇಳುತ್ತಾನೆ: ಗೋರನು ಹಾಡು ಬರೆಯುವವನು, ವೈಲ್ಡರನು ಒಳ್ಳೆಯ ವಾದಕ, ಗಾಹನನು ಗಾಯಕ, ತಾನೋ ಸುಮ್ಮನೆ ಅಡ್ಡಾಡಿಕೊಂಡಿರುವವನು ಎಂದು. ಹಾಡು ಬರೆಯಲಿಲ್ಲ, ಮುಂದೆ ನಿಂತು ಹಾಡಲಿಲ್ಲ. ಲೆಕ್ಕಪತ್ರ ನೋಡಿಕೊಂಡನು, ಮುನಿಸಿಕೊಂಡ ಇಬ್ಬರ ನಡುವೆ ನಿಂತನು. ಒಟ್ಟುಕುಟುಂಬದಲ್ಲಿ ಬೆಳೆದವರಿಗೆ ಇಂತಹವನೊಬ್ಬನ ಬೆಲೆ ಗೊತ್ತು. 2022ರ ಮೇ 26ರಂದು, 60ನೆಯ ವಯಸ್ಸಿನಲ್ಲಿ, ಹೃದಯದ ಮಹಾಧಮನಿಯು ಸೀಳಿ ಅವನು ತೀರಿಕೊಂಡನು.

ಹೊಸ ಆಲ್ಬಂಗೆ 'ಮೆಮೆಂಟೋ ಮೋರಿ', ಸಾಯಲಿರುವೆಯೆಂಬುದನ್ನು ನೆನೆ, ಎಂಬ ಲ್ಯಾಟಿನ್ ಹೆಸರನ್ನು ಅದಕ್ಕೆ ಮೊದಲೇ ಗೊತ್ತುಮಾಡಿದ್ದರು. ಉಳಿದ ಇಬ್ಬರು, ನಡುವೆ ನಿಲ್ಲುವವನಿಲ್ಲದೆ, ಆ ಬೇಸಗೆಯಲ್ಲಿ ಮುದ್ರಣಕ್ಕೆ ಕುಳಿತರು. ಅಷ್ಟು ವರುಷ ಒಬ್ಬರೊಡನೊಬ್ಬರು ನೇರವಾಗಿ ಮಾತಾಡುವ ಅಭ್ಯಾಸ ಕಡಮೆಯಾಗಿದ್ದವರು ಈಗ ಮಾತಾಡಲೇಬೇಕಾಯಿತು. ಅದರಲ್ಲಿಯ 'ವ್ಯಾಗಿಂಗ್ ಟಂಗ್' ಹಾಡಿಗೆ ಇಬ್ಬರ ಹೆಸರೂ ಕೂಡಿದೆ. 2023ರ ಮಾರ್ಚಿ 24ರಂದು ಹೊರಬಂದ ಈ ತಟ್ಟೆಯಲ್ಲಿ ಮತ್ತೆ ಒಂಟಿ ಎಳೆಯ ಹಳೆಯ ನಾದಗಳು ಕೇಳಿಬರುತ್ತವೆ. 'ಘೋಸ್ಟ್ಸ್ ಎಗೇನ್' ಎಂಬ ಹಾಡು ಸಾವನ್ನು ಕುರಿತದ್ದಾದರೂ ಹೆಜ್ಜೆ ಹಗುರ. ಮೊದಲ ತಟ್ಟೆಯ ಬೊಂಬೆಯಾಟ ಮರಳಿತೇ ಎನ್ನುವಷ್ಟು ಹಗುರ. ಆ ಪ್ರವಾಸದ ಕಛೇರಿಗಳಲ್ಲಿ, ಫ್ಲೆಚರನಿಗೆ ಬಹಳ ಮೆಚ್ಚಾಗಿದ್ದ 'ವರ್ಲ್ಡ್ ಇನ್ ಮೈ ಐಸ್' ಹಾಡನ್ನು ಹಾಡುವಾಗ, ಹಿಂದಿನ ತೆರೆಯ ಮೇಲೆ ಅವನ ಮುಖವು ಮೂಡುತ್ತಿತ್ತು.

ಅಳಿಯನು ಕೆಲಸಕ್ಕೆ ಹಿಂದಿರುಗಿ ಮೂರು ತಿಂಗಳಾಯಿತು. ಹೊರಡುವ ಅವಸರದಲ್ಲಿ ತಟ್ಟೆಗಳ ಪೆಟ್ಟಿಗೆಯನ್ನು ಮಾಳಿಗೆಯಲ್ಲಿಯೇ ಬಿಟ್ಟು ಹೋದನು. ಅದನ್ನು ಕಳುಹಿಸಿಕೊಡುವಂತೆ ಎರಡು ಸಲ ಕೇಳಿದ್ದಾನೆ. ನಾವು ಇನ್ನೂ ಕಳುಹಿಸಿಲ್ಲ.